ಟವಲಿನಡಿಯ ಬೆಲೆ

ನಾಲ್ಬೆರಳಿನವನ ಮರಿಮಗಳು ಎಂದರೆ ದನದ ಸಂತೆಯ ಹಳಬರಿಗೆ ಇವತ್ತಿಗೂ ಗುರುತು ಸಿಗುತ್ತದೆ. ಆ ಮುತ್ತಜ್ಜನ ಬಲಗೈ ಕಿರುಬೆರಳನ್ನು ಪಳಗದ ಹೋರಿಯೊಂದು ಹಗ್ಗದ ಸುತ್ತಿನಲ್ಲಿ ಕಿತ್ತುಕೊಂಡು ಹೋಗಿತ್ತು. ದನದ ದಲ್ಲಾಳಿಗೆ ಬೆರಳೇ ನಾಲಿಗೆ. ಕೊಳ್ಳುವವನೂ ಮಾರುವವನೂ ಕೈ ಕೈ ಹಿಡಿಯಬೇಕು, ಮೇಲೆ ಟವಲು ಹೊದಿಸಬೇಕು, ಅದರಡಿಯಲ್ಲಿ ಬೆರಳು ಒತ್ತಿ ಬೆಲೆ ಹೇಳಬೇಕು. ಸುತ್ತ ನಿಂತವರಿಗೆ ಕಾಣುವುದು ಟವಲಿನ ಅಲುಗಾಟ ಮಾತ್ರ. ನಾಲ್ಕೇ ಬೆರಳಿನವನು ಐದು ಹೇಳುವುದು ಹೇಗೆ? ಮುತ್ತಜ್ಜ ಎದುರಿನವನ ಮಣಿಕಟ್ಟನ್ನೇ ಹಿಡಿದುಬಿಡುತ್ತಿದ್ದ. "ಇವನ ಐದು ಬಲು ಬಿಗಿ ಕಣ್ರೋ, ಬೇಡಿ ಹಾಕಿದ ಹಾಗೆ" ಎಂದು ವ್ಯಾಪಾರಿಗಳು ನಗುತ್ತಿದ್ದರು. ನಕ್ಕವರೇ ಮುಂದಿನ ಸಂತೆಗೂ ಅವನನ್ನೇ ಹುಡುಕಿಕೊಂಡು ಬರುತ್ತಿದ್ದರು.

ಅವನ ಮಗ, ಅಂದರೆ ಅಜ್ಜ, ಕೋಪಕ್ಕೆ ಹೆಸರಾದವನು. ಗಂಡ ಸತ್ತ ಹೆಂಗಸೊಬ್ಬಳು ಹಾಲು ಕರೆಯುವ ಹಸುವನ್ನು ಹೊಡೆದುಕೊಂಡು ಬಂದಾಗ, ಸಾಹುಕಾರನೊಬ್ಬ ಅದನ್ನು ಗೊಡ್ಡು ಹಸುವಿನ ಬೆಲೆಗೆ ಕೇಳಿದ. ಅಜ್ಜ ಟವಲನ್ನು ಅವನ ಮುಖಕ್ಕೇ ಬೀಸಿ, "ಹಸುವಿನ ಹಲ್ಲು ಆಮೇಲೆ ನೋಡೋಣ, ಮೊದಲು ನೀನು ಬಾಯಿ ತೆಗಿ" ಎಂದ. ಆ ಮಾತಿಗೆ ಸಂತೆಯಿಂದ ಒಂದು ವರ್ಷ ಹೊರಗೆ ಹಾಕಿದರು. ಮನೆಯಲ್ಲಿ ಒಲೆ ಉರಿಯುವುದು ಕಷ್ಟವಾಯಿತೇ ಹೊರತು ಆಡಿದ ಮಾತು ಹಿಂದಕ್ಕೆ ಬರಲಿಲ್ಲ. ಅಜ್ಜಿಯೇನು ಕಡಿಮೆಯವಳೇ? ಮೆಲುಕಿನ ಸದ್ದು ಕೇಳಿ ಹಸುವಿನ ವಯಸ್ಸು ಹೇಳುತ್ತಿದ್ದಳು, ಕೆಮ್ಮಿನ ಸದ್ದು ಕೇಳಿ ಗಂಡನ ಕೋಪ ಇನ್ನೆಷ್ಟು ಹೊತ್ತಿನದು ಎಂದು ಹೇಳುತ್ತಿದ್ದಳು. ಅಪ್ಪನ ಕಾಲಕ್ಕೆ ಎತ್ತಿನ ಜಾಗಕ್ಕೆ ಟ್ರ್ಯಾಕ್ಟರು ಬಂತು. ಅಪ್ಪ ಹಲ್ಲು ನೋಡುವುದನ್ನು ಬಿಟ್ಟು ಟೈರು ನೋಡುವುದನ್ನು ಕಲಿತ, ಟವಲು ಮಾತ್ರ ಬಿಡಲಿಲ್ಲ. ಅಣ್ಣ ಅದೇ ಜಾಡು ಹಿಡಿದು ಹಳೆಯ ಗಾಡಿಗಳ ದಲ್ಲಾಳಿಯಾದ. ತಂಗಿ, ಅಂದರೆ ಈ ಮರಿಮಗಳು, ಅರ್ಥಶಾಸ್ತ್ರ ಓದಿ ಕಾಲೇಜಿನಲ್ಲಿ ಪಾಠ ಹೇಳಲು ಹೊರಟಳು.

"ನಾಲ್ಕು ತಲೆಮಾರು ನಾವು ಮಾಡಿದ್ದನ್ನೇ ನೀನು ಕನ್ನಡಕ ಹಾಕ್ಕೊಂಡು ಹೇಳ್ತೀಯ, ಅಷ್ಟೇ ತಾನೆ?" ಎಂದು ಅಣ್ಣ ರೇಗಿಸಿದ್ದ.

"ನೀವು ಮುಚ್ಚಿ ಮಾಡಿದ್ದನ್ನ ನಾನು ಬಿಚ್ಚಿ ಹೇಳ್ತೀನಿ" ಎಂದಿದ್ದಳು. ಆಗ ಅದು ಬರೀ ಬಾಯಿಮಾತು.

ವಿದ್ಯಾರ್ಥಿಗಳು ಅವಳಿಗೆ ಇಟ್ಟ ಹೆಸರು ಕಡ್ಡಿಪೆಟ್ಟಿಗೆ. ಆಳು ಚಿಕ್ಕದು, ಒಣಕಲು, ಗೀರಿದರೆ ಸಾಕು ಹೊತ್ತಿಕೊಳ್ಳುತ್ತಾಳೆ. ಹೆಸರು ಅವಳ ಕಿವಿಗೂ ಬಿದ್ದಿತ್ತು. "ನೆನೆದ ಕಡ್ಡಿ ಅನ್ನಲಿಲ್ಲವಲ್ಲ, ಪುಣ್ಯ" ಎಂದು ಸುಮ್ಮನಾದಳು.

ಕೆಲಸಕ್ಕೆ ಸೇರಿದ ದಿನ ಪ್ರಾಂಶುಪಾಲರು ಒಂದು ಕಟ್ಟು ನೋಟ್ಸ್ ತೆಗೆದು ಅವಳ ಕೈಗಿಟ್ಟಿದ್ದರು. ಅವರೂ ಅರ್ಥಶಾಸ್ತ್ರದವರೇ. ಹಾಳೆಗಳು ಹಳದಿ ತಿರುಗಿ, ಮಡಿಕೆ ಬಿದ್ದ ಕಡೆಯೆಲ್ಲ ಹರಿದು, ಅಂಟುಪಟ್ಟಿಯ ಮೇಲೆ ಬದುಕಿದ್ದವು. "ಇದನ್ನ ನಿಧಾನಕ್ಕೆ ಓದ್ತಾ ಹೋಗಿಮ್ಮ, ಅವರು ಬರ್ಕೋತಾ ಹೋಗ್ತಾರೆ. ವರ್ಷ ಕಳೆದಿದ್ದೇ ಗೊತ್ತಾಗಲ್ಲ."

ಅವಳು ಓದಿದಳು, ಅವರು ಬರೆದುಕೊಂಡರು, ವರ್ಷ ಕಳೆದದ್ದು ನಿಜಕ್ಕೂ ಗೊತ್ತಾಗಲಿಲ್ಲ. ಒಂದು ದಿನ ಬೇಡಿಕೆ ಎಂದರೇನು ಎಂದು ಕೇಳಿದಳು. ಮುಂದಿನ ಬೆಂಚಿನವನು ಎದ್ದು ನಿಂತು, ಕೊಳ್ಳುವ ಶಕ್ತಿಯ ಬೆಂಬಲವಿರುವ ಬಯಕೆಯೇ ಬೇಡಿಕೆ ಎಂದು ಒಂದೇ ಉಸಿರಿಗೆ ಒಪ್ಪಿಸಿದ.

"ಸರಿ. ಹೋದ ವಾರ ಅಂಗಡಿ ಮುಂದೆ ನಿಂತು, ಬೇಕು ಅನ್ನಿಸಿ, ತಗೊಳ್ಳದೆ ಬಂದಿದ್ದು ಏನಾದರೂ ಇದೆಯಾ ನಿನಗೆ?"

ಅವನು ತಡಬಡಿಸಿ ಹಾಳೆ ಮಗುಚಿದ. "ಅದನ್ನ ನೀವು ಬರೆಸಿಲ್ಲ ಮೇಡಂ."

ಕ್ಲಾಸಿನಲ್ಲಿ ಒಬ್ಬರೂ ನಗಲಿಲ್ಲ. ಅದಕ್ಕೇ ಅವಳ ಮೈ ಉರಿದದ್ದು. ನಕ್ಕಿದ್ದರೆ ತಪ್ಪು ಅವನೊಬ್ಬನದಾಗುತ್ತಿತ್ತು. ನೋಟ್ಸ್ ಕಟ್ಟನ್ನು ಅಂದೇ ಪ್ರಾಂಶುಪಾಲರ ಮೇಜಿನ ಮೇಲೆ ಇಟ್ಟು ಬಂದಳು. "ಇದು ನಿಮ್ಮ ಹತ್ರಾನೇ ಇರಲಿ ಸಾರ್. ಇದರಿಂದ ಮಕ್ಕಳ ಕೈ ನೋಯುತ್ತೆ, ತಲೆ ನೋಯಲ್ಲ."

ಅವಳ ಕ್ಲಾಸಿನ ಕೋಣೆಯಲ್ಲಿ ಫ್ಯಾನು ಎರಡಿದ್ದರೂ ತಿರುಗುತ್ತಿದ್ದದ್ದು ಒಂದೇ. ತಿರುಗುವ ಫ್ಯಾನಿನ ಕೆಳಗೆ ಯಾರು ಕೂರಬೇಕು, ನೀವೇ ತೀರ್ಮಾನ ಮಾಡಿ ಎಂದು ವಿದ್ಯಾರ್ಥಿಗಳಿಗೇ ಬಿಟ್ಟುಬಿಟ್ಟಳು. ಮೊದಲು ಬಂದವರಿಗೆ ಎಂದು ಗೊತ್ತುಮಾಡಿದರು. ಬೀಗ ತೆಗೆಯುವ ಮೊದಲೇ ಬಾಗಿಲಲ್ಲಿ ತಳ್ಳಾಟ ಶುರುವಾಯಿತು, ದೂರದ ಬಸ್ಸಿನವರು ಬೆವರಿನಲ್ಲೇ ಉಳಿದರು. ಸರದಿ ಎಂದು ಮಾಡಿಕೊಂಡರು. ಸಿಮೆಂಟ್ ಅಂಗಡಿಯವರ ಮಗ ತನ್ನ ಸರದಿಯನ್ನು ಬೇರೆಯವರಿಗೆ ಕೊಟ್ಟು, ಬದಲಿಗೆ ತನ್ನ ಮನೆಪಾಠವನ್ನೆಲ್ಲ ಅವರ ಕೈಯಲ್ಲಿ ಬರೆಸಿದ. ಅವಳು ಅವನನ್ನು ಗದರಲಿಲ್ಲ. ಇದರಲ್ಲಿ ಗೆದ್ದವರು ಯಾರು, ಸೋತವರು ಯಾರು ಎಂದು ಕೇಳಿದಳು. ತಾಸು ಪೂರ್ತಿ ಜಗಳ. ಕೊರತೆ, ಹಕ್ಕು, ಕಾಳಸಂತೆ ಎಲ್ಲವೂ ಆ ಜಗಳದೊಳಗೆ ತಾವಾಗಿ ಬಂದುಹೋದವು. ಪಕ್ಕದ ಕೋಣೆಯ ಇತಿಹಾಸದವರು ಬಂದು ಇಣುಕಿ, "ಇದು ಪಾಠವೋ ಕುಸ್ತಿಯೋ?" ಎಂದರು.

"ಎರಡೂ ಸಾರ್. ನಿಮ್ಮಲ್ಲಿ ಕುಸ್ತಿ ಮುಗಿದ ಮೇಲೆ ಬರೀತೀರಿ, ನಮ್ಮಲ್ಲಿ ನಡೀತಾ ಇರುವಾಗಲೇ ನೋಡ್ತೀವಿ."

ಆಮೇಲೊಂದು ದಿನ ಅಪ್ಪನ ಹಳೆಯ ಟವಲನ್ನೂ ಒಂದು ಕಪ್ಪು ಕೊಡೆಯನ್ನೂ ತಂದಳು. ಒಬ್ಬೊಬ್ಬರನ್ನೇ ಕರೆದು, ಕೈ ಹಿಡಿದು, ಮೇಲೆ ಟವಲು ಹಾಕಿ, ಕೊಡೆಗೆ ಬೆಲೆ ಕಟ್ಟಿಸಿದಳು. ಹುಡುಗಿಯರು ನಾಚಿ ನಕ್ಕರು, ಹುಡುಗರು ಬೆರಳ ನೆಟಿಕೆ ಮುರಿದುಕೊಂಡು ಬಂದರು. ಮುಗಿದ ಮೇಲೆ ಬೆಲೆಗಳನ್ನು ಕೂಗಿ ಹೇಳಿ ಎಂದಳು. ಒಂದೇ ಕೊಡೆ, ಒಬ್ಬೊಬ್ಬರಿಗೆ ಒಂದೊಂದು ಬೆಲೆ! ಹೆಚ್ಚು ಕೊಡಲು ಒಪ್ಪಿದವರು ಕೆಂಪಾದರು. ಮಾರನೆಯ ದಿನ ಅದೇ ಕೊಡೆಯನ್ನು ಎಲ್ಲರೆದುರು ಕೂಗಿ ಮಾರಿಸಿದಳು. ಬೆಲೆ ಒಂದು ಕಡೆ ಬಂದು ನಿಂತಿತು, ಅಲ್ಲಿಂದ ಅಲ್ಲಾಡಲಿಲ್ಲ.

"ಯಾಕೆ?" ಎಂದಳು.

ಕೊನೆಯ ಬೆಂಚಿನಿಂದ ಒಂದು ಸಣ್ಣ ದನಿ ಬಂತು. ಇಸ್ತ್ರಿ ಅಂಗಡಿಯವರ ಮಗಳು. ಮೈಗೆ ಸದಾ ಬಿಸಿ ಬಟ್ಟೆಯ ವಾಸನೆ, ಮಾತು ಅಪರೂಪ. "ಟವಲಿನ ಕೆಳಗೆ ನಾನು ಒಬ್ಬಳೇ ಇರ್ತೀನಿ ಮೇಡಂ. ಹೊರಗೆ ಆದರೆ ಎಲ್ಲರೂ ಇರ್ತಾರೆ."

ಆ ಮಾತನ್ನು ಕಪ್ಪುಹಲಗೆಯ ಮೇಲೆ ಬರೆದಳು. ಪಾಠ ಹೇಳಲು ಬಂದ ಮೇಲೆ ವಿದ್ಯಾರ್ಥಿಯ ಬಾಯಿಂದ ಕೇಳಿ ಅವಳು ಹಲಗೆಯ ಮೇಲೆ ಬರೆದದ್ದು ಅದೇ ಮೊದಲು.

ಸಿಮೆಂಟ್ ಅಂಗಡಿಯ ಮಗ ಸುಮ್ಮನಿರುವ ಜಾತಿಯಲ್ಲ. "ಮೇಡಂ, ಕೊಡೆ ಸಾಕು. ಈ ಬೆಂಚಿಗೇ ಬೆಲೆ ನೋಡೋಣ. ಕಾಲೇಜಿಗೆ ಸೇರುವಾಗ ಕಟ್ಟಡ ನಿಧಿ ಅಂತ ಆಡಳಿತ ಮಂಡಳಿ ಅಧ್ಯಕ್ಷರ ಕೋಣೆಯಲ್ಲಿ ಕೊಟ್ವಲ್ಲ, ಯಾರು ಎಷ್ಟು ಕೊಟ್ಟಿದ್ದೀವಿ ಅಂತ ಸಾಲಾಗಿ ನಿಲ್ಲೋಣ!" ಅವನಿಗೆ ಇದೊಂದು ತಮಾಷೆ. ಅಪ್ಪ ದೊಡ್ಡ ಕುಳ, ಸಾಲಿನ ತಲೆಯಲ್ಲಿ ತಾನೇ ಎಂಬ ಲೆಕ್ಕ. ಆ ನಿಧಿಗೆ ರಸೀದಿ ಇಲ್ಲ, ದರ ಇಲ್ಲ. ಅಧ್ಯಕ್ಷರು ಮಗುವಿನ ಅಪ್ಪನನ್ನು ಒಬ್ಬನನ್ನೇ ಒಳಗೆ ಕರೆದು ಬಾಗಿಲು ಹಾಕಿಕೊಳ್ಳುತ್ತಿದ್ದರು. ಬಾಗಿಲೇ ಅವರ ಟವಲು.

ಬೇಡ ಎನ್ನಬಹುದಿತ್ತು. ಅಜ್ಜನ ರಕ್ತ ಬಿಡಬೇಕಲ್ಲ? "ಆಗಲಿ" ಎಂದುಬಿಟ್ಟಳು.

ವರಾಂಡದಲ್ಲಿ ನಿಂತರು. ಬಾಯಲ್ಲಿ ಯಾರೂ ಏನೂ ಹೇಳಬಾರದು. ಪಕ್ಕದವರ ಕೈ ಹಿಡಿದು, ಟವಲಿನಡಿ ಬೆರಳು ಒತ್ತಿ, ಹೆಚ್ಚು ಕೊಟ್ಟವರು ಮೆಟ್ಟಿಲ ಕಡೆಗೆ, ಕಡಿಮೆ ಕೊಟ್ಟವರು ಪ್ರಾಂಶುಪಾಲರ ಬಾಗಿಲ ಕಡೆಗೆ ಸರಿಯಬೇಕು. ಟವಲು ಕೈಯಿಂದ ಕೈಗೆ ಓಡಾಡಿತು. ಸಿಮೆಂಟ್ ಅಂಗಡಿಯ ಮಗ ಮೊದಲೇ ಹೋಗಿ ಮೆಟ್ಟಿಲ ಹತ್ತಿರ ಸೊಂಟಕ್ಕೆ ಕೈಕೊಟ್ಟು ನಿಂತಿದ್ದ. ಒಬ್ಬರು ಕೈ ಒತ್ತಿದರು, ಅವನು ಹಿಂದೆ ಸರಿದ. ಇನ್ನೊಬ್ಬರು ಒತ್ತಿದರು, ಮತ್ತೆ ಸರಿದ. ಸರಿಯುತ್ತ ಸರಿಯುತ್ತ, ಮುಖದ ನಗು ಜಾರುತ್ತ, ಪ್ರಾಂಶುಪಾಲರ ಬಾಗಿಲಿಗೆ ಅವನ ಬೆನ್ನು ತಾಗಿತು. ಅವನ ಪಕ್ಕದಲ್ಲಿ ಉಳಿದದ್ದು ಕಾರಿನಲ್ಲಿ ಬಂದಿಳಿಯುವ ಮಕ್ಕಳು, ಅಧ್ಯಕ್ಷರನ್ನು ಮಾವ ಎಂದು ಕರೆಯುವ ಮಕ್ಕಳು. ಇತ್ತ ಮೆಟ್ಟಿಲ ಕಡೆಗೆ ಬಸ್ ಚಾಲಕನ ಮಗಳು, ದರ್ಜಿಯ ಮಗ. ಎಲ್ಲರಿಗಿಂತ ತುದಿಯಲ್ಲಿ ಇಸ್ತ್ರಿ ಅಂಗಡಿಯವರ ಮಗಳು. ಮೊದಲು ಅವಳು ನಕ್ಕಳು, ಎಂದೂ ಮುಂದೆ ನಿಲ್ಲದವಳು ಮುಂದೆ ನಿಂತಿದ್ದಳಲ್ಲ. ಆಮೇಲೆ ಕತ್ತು ತಿರುಗಿಸಿ ಸಾಲನ್ನು ಉದ್ದಕ್ಕೂ ನೋಡಿದಳು.

"ಮೇಡಂ, ನಾನು ತಪ್ಪಾಗಿ ನಿಂತಿದ್ದೀನಿ ಅನ್ಸುತ್ತೆ. ಇನ್ನೊಂದು ಸಲ ಕೈ ಹಿಡಿದು ನೋಡಲಾ?"

ಇನ್ನೊಂದು ಸಲ ನೋಡಿದಳು. ಜಾಗ ಬದಲಾಗಲಿಲ್ಲ. ಒಂದೇ ಬೆಂಚು, ಒಂದೇ ಪಾಠ, ಅವಳ ತಲೆಯ ಮೇಲೆ ತಿರುಗದ ಫ್ಯಾನು. ಅದಕ್ಕೆ ಎಲ್ಲರಿಗಿಂತ ಹೆಚ್ಚು ಬೆಲೆ ತೆತ್ತವನು ಇಸ್ತ್ರಿಪೆಟ್ಟಿಗೆ ಎಳೆಯುವ ಅವಳ ಅಪ್ಪ, ಯಾಕೆಂದರೆ ಅವನ ಪರವಾಗಿ ಒಂದು ಮಾತು ಆಡುವವರು ಯಾರೂ ಇರಲಿಲ್ಲ. ಉಪನ್ಯಾಸಕಿಯ ಅಂಗಾಲಿನಿಂದ ಉರಿ ಏರಿತು. ಪುಸ್ತಕದಲ್ಲಿ ಇದಕ್ಕೊಂದು ಹೆಸರಿದೆ, ಬೆಲೆ ತಾರತಮ್ಯ. ಆ ಹೆಸರು ಅವಳ ಬಾಯಿಗೆ ಬರಲಿಲ್ಲ, ಬಾಯಿಗೆ ಬಂದದ್ದನ್ನು ಮಕ್ಕಳೆದುರು ಆಡುವಂತಿರಲಿಲ್ಲ.

ಅಷ್ಟರಲ್ಲಿ ಬಾಗಿಲು ತೆರೆದು ಪ್ರಾಂಶುಪಾಲರು ಹೊರಬಂದರು. "ಏನಿದು, ಊಟದ ಸಾಲಾ?"

"ಇಲ್ಲ ಸಾರ್," ಸಿಮೆಂಟ್ ಅಂಗಡಿಯ ಮಗ ಪಿಳಪಿಳ ಕಣ್ಣು ಬಿಟ್ಟ. "ಕಟ್ಟಡ ನಿಧಿ ಸಾಲು. ನಾನೇ ಕೊನೆ."

ಸಂಜೆಗೆ ಅಧ್ಯಕ್ಷರ ಕೋಣೆಯಿಂದ ಕರೆ ಬಂತು. ಅಧ್ಯಕ್ಷರು ಗರಿಗರಿ ಬಿಳಿ ಅಂಗಿಯಲ್ಲಿ ಕೂತಿದ್ದರು. ಬಟ್ಟೆಯ ಮೇಲೆ ಒಂದು ನಿರಿಗೆ ಆಚೀಚೆ ಇಲ್ಲ, ಅದನ್ನು ಇಸ್ತ್ರಿ ತೀಡಿದ ಕೈ ಯಾರದೆಂದು ಅವಳಿಗೆ ಗೊತ್ತಿತ್ತು. ಪ್ರಾಂಶುಪಾಲರು ಬೆರಳಚ್ಚು ಮಾಡಿದ ಕಾಗದವನ್ನು ಅವಳ ಮುಂದೆ ಸರಿಸಿದರು. ವರಾಂಡದ ಸಾಲು ಬರೀ ಆಟ, ವಿದ್ಯಾರ್ಥಿಗಳು ಮನಸ್ಸಿಗೆ ಬಂದ ಹಾಗೆ ನಿಂತದ್ದು, ಅದಕ್ಕೂ ನಿಜಕ್ಕೂ ಸಂಬಂಧವಿಲ್ಲ, ಇನ್ನು ಮುಂದೆ ನೋಟ್ಸ್ ಬಿಟ್ಟು ಬೇರೆ ಯಾವ ಪ್ರಯೋಗವನ್ನೂ ಮಾಡುವುದಿಲ್ಲ. ಕೆಳಗೆ ಅವಳ ಸಹಿಗೆ ಜಾಗ.

"ನೋಡಿಮ್ಮ," ಎಂದರು ಅಧ್ಯಕ್ಷರು, ದನಿಯಲ್ಲಿ ಬೆಣ್ಣೆ. "ನಿಮ್ಮದು ವರ್ಷ ವರ್ಷ ಮುಂದುವರಿಸೋ ಕೆಲಸ. ಸಹಿ ಹಾಕಿ, ಕಾಯಂ ಮಾಡಿಸ್ತೀನಿ. ಹಾಕದಿದ್ದರೆ ಈ ವರ್ಷವೇ ಕೊನೆ. ಸೋಮವಾರ ಬೆಳಿಗ್ಗೆ ಹೇಳಿ."

"ಮಕ್ಕಳು ತಪ್ಪಾಗಿ ನಿಂತಿದ್ದಾರೆ ಅಂತೀರಾ?"

"ಹೌದು, ಮಕ್ಕಳಾಟ."

"ಹಾಗಾದರೆ ನೀವೇ ಬಂದು ಸರಿಯಾಗಿ ನಿಲ್ಲಿಸಿ ಸಾರ್. ಯಾರು ಎಷ್ಟು ಕೊಟ್ಟರು ಅನ್ನೋದು ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು?"

ಪ್ರಾಂಶುಪಾಲರು ಕೆಮ್ಮಿದರು. ಅಧ್ಯಕ್ಷರ ದನಿಯ ಬೆಣ್ಣೆ ಕರಗಿಹೋಯಿತು. "ದಲ್ಲಾಳಿ ಮನೆಯವರಿಗೆ ಪಾಠ ಕೊಟ್ಟರೆ ಹೀಗೇ ಆಗೋದು" ಎಂದರು ಅಧ್ಯಕ್ಷರು.

"ದಲ್ಲಾಳಿ ಮನೆಯವಳೇ ಸಾರ್. ಅದಕ್ಕೇ ವ್ಯಾಪಾರ ಕಂಡರೆ ಗುರುತು ಹಿಡೀತೀನಿ" ಎಂದು ಎದ್ದು ಬಂದಳು. ಕಾಗದ ಮಾತ್ರ ಚೀಲದಲ್ಲಿ ಅವಳ ಜೊತೆಗೇ ಬಂತು. ಬಾಡಿಗೆ ಮನೆ, ಹಾಸಿಗೆ ಹಿಡಿದ ಅಮ್ಮ, ಔಷಧಿಯ ಬಾಟಲಿಗಳು ಕೋಪದ ಮಾತು ಕೇಳುವುದಿಲ್ಲ ನೋಡಿ.

ಮರುದಿನ ಬೆಳಿಗ್ಗೆ ಮನೆಯ ಬಾಗಿಲು ಬಡಿದದ್ದು ಇಸ್ತ್ರಿ ಅಂಗಡಿಯವನು. ಮಗಳ ಪರವಾಗಿ ನಾಲ್ಕು ಒಳ್ಳೆಯ ಮಾತು ಹೇಳಲು ಬಂದಿರಬೇಕು ಎಂದುಕೊಂಡು ಕುರ್ಚಿ ಎಳೆದಳು. ಅವನು ಕೂರಲಿಲ್ಲ.

"ಕೂರೋಕೆ ಬಂದಿಲ್ಲ ಮೇಡಂ. ನನ್ನ ಮಗಳು ನಿನ್ನೆಯಿಂದ ತಟ್ಟೆ ಮುಟ್ಟಿಲ್ಲ. ಯಾಕಪ್ಪ ನೀನು ಅಷ್ಟು ಕೊಟ್ಟೆ, ಸಿಮೆಂಟ್ ಅಂಗಡಿಯವರು ಅಷ್ಟು ಕಡಿಮೆ ಕೊಟ್ಟರಲ್ಲ ಅಂತ ಕೇಳ್ತಾಳೆ. ಏನು ಹೇಳಲಿ? ನಿಮ್ಮಪ್ಪ ಪೆದ್ದ ಅಂತ ಹೇಳಲಾ? ಇಷ್ಟು ದಿನ ಅವಳ ಕಣ್ಣಲ್ಲಿ ನಾನು ಹೇಗೋ ಮಾಡಿ ಕಾಲೇಜಿಗೆ ಸೇರಿಸಿದ ಅಪ್ಪ. ಈಗ ಮೋಸ ಹೋದ ಅಪ್ಪ. ಇದನ್ನ ಕಲಿಸೋಕಾ ನಿಮಗೆ ಸಂಬಳ?"

ಅಜ್ಜಿ ಹೇಳುತ್ತಿದ್ದ ಮಾತು ಅವಳಿಗೆ ತಡವಾಗಿ ನೆನಪಾಯಿತು: ಟವಲು ಹಾಸೋದು ಕಳ್ಳತನಕ್ಕಲ್ಲ ಮಗಳೇ, ಸೋತವನು ತಲೆ ಎತ್ತಿಕೊಂಡು ಸಂತೆಯಿಂದ ಮನೆಗೆ ಹೋಗಲಿ ಅಂತ. ಸಂತೆಯಲ್ಲಿ ಹುಟ್ಟಿ ಬೆಳೆದವಳು ಅದನ್ನೇ ಮರೆತಿದ್ದಳು. ಗೆದ್ದವರ ಮುಖವಾಡ ಕೀಳುವ ಆವೇಶದಲ್ಲಿ ಸೋತವರ ಮೈಮೇಲಿನ ಬಟ್ಟೆಗೂ ಕೈ ಹಾಕಿದ್ದಳು.

"ತಪ್ಪಾಯ್ತು ಯಜಮಾನರೇ," ಎಂದಳು. "ಅಷ್ಟು ದೂರ ನಾನು ಯೋಚನೆ ಮಾಡಲಿಲ್ಲ. ಎಲ್ಲರ ಮುಂದೆ ಅವಳನ್ನ ನಿಲ್ಲಿಸಬಾರದಿತ್ತು." ಆಮೇಲೆ ಚೀಲದಿಂದ ಕಾಗದ ತೆಗೆದು, ಅದರಲ್ಲಿ ಇದ್ದದ್ದನ್ನು ಓದಿ ಹೇಳಿದಳು. "ಇದಕ್ಕೆ ಸಹಿ ಹಾಕಿದರೆ ಆ ಸಾಲು ಸುಳ್ಳು ಅಂತ ಆಗುತ್ತೆ. ನಿಮ್ಮ ವಿಷಯ ಊರಲ್ಲಿ ಹರಡೋದು ನಿಲ್ಲುತ್ತೆ."

ಅವನಿಗೆ ಸಮಾಧಾನವಾಗುತ್ತದೆ ಎಂದುಕೊಂಡಿದ್ದಳು. ಅವನ ಕಣ್ಣು ಕೆಂಡವಾಯಿತು.

"ಸುಳ್ಳಾ? ಅಲ್ಲ ಮೇಡಂ, ಮೂರು ವರ್ಷ ಬೆನ್ನು ಬಗ್ಗಿಸಿ, ಇದ್ದ ಒಂದು ಸೈಕಲ್ಲೂ ಮಾರಿ ಕೊಟ್ಟಿದ್ದು ಸುಳ್ಳಾ? ಕೊಟ್ಟಿದ್ದಂತೂ ಹೋಯ್ತು. ನಿಮ್ಮಿಂದ ಮಾನಾನೂ ಹೋಯ್ತು. ಉಳಿದಿರೋದು ಅದೊಂದು ನಿಜ, ಅದಕ್ಕೂ ಸಹಿ ಹಾಕಿ ಕೊಟ್ಟುಬಿಡ್ತೀರಾ? ಎರಡು ಸಲ ಕೈ ಹಿಡಿದು ನೋಡಿ ನಿಂತಳಂತೆ ನನ್ನ ಮಗಳು. ಅವಳನ್ನ ಸುಳ್ಳಿ ಮಾಡಬೇಡಿ." ಚಪ್ಪಲಿ ಮೆಟ್ಟಿಕೊಂಡು ಹೊರಟವನು ಗೇಟಿನ ಹತ್ತಿರ ತಿರುಗಿದ. "ಆ ಅಧ್ಯಕ್ಷನ ಅಂಗಿ ಇನ್ನು ನಾನು ತೀಡಲ್ಲ. ಹಾಗಂತ ಇವತ್ತು ಹೇಳಿ ಕಳಿಸ್ತೀನಿ."

ಭಾನುವಾರ ಸಂಜೆ ಅಣ್ಣ ಬಂದ. ಮಾರಾಟಕ್ಕಿದ್ದ ಯಾರದೋ ಗಾಡಿಯಲ್ಲಿ ಬಂದಿದ್ದ. ಅವನು ಎಂದೂ ಒಂದೇ ಗಾಡಿಯಲ್ಲಿ ಎರಡು ಸಲ ಬಂದವನಲ್ಲ. ಅಮ್ಮನ ಕಾಲ ಬಳಿ ಕೂತು ಕುಶಲ ಕೇಳಿ, ಅಡುಗೆಮನೆಗೆ ಬಂದು ಬಾಗಿಲ ಚೌಕಟ್ಟಿಗೆ ಒರಗಿದ. ಹೆಗಲ ಮೇಲೆ ಹೊಸ ಟವಲು.

"ಪುಟ್ಟಿ, ಅಧ್ಯಕ್ಷರ ಹತ್ರ ಎಲ್ಲ ಕೇಳಿ, ಮಾತಾಡಿ ಮುಗಿಸಿದ್ದೀನಿ. ಹೋದ ವರ್ಷ ಅಧ್ಯಕ್ಷರಿಗೆ ಕಾರು ಕೊಡಿಸಿದವನು ನಾನೇ ತಾನೆ, ನನ್ನ ಮಾತು ತೆಗೆದುಹಾಕಲ್ಲ. ಸಹಿ ಬೇಡ, ಕಾಗದ ಬೇಡ. ನಾಳೆ ಬೆಳಿಗ್ಗೆ ಅವರ ಮನೆಗೆ ಹೋಗೋಣ. ನಾನು ಕೈ ಹಿಡೀತೀನಿ, ನೀನು ಪಕ್ಕದಲ್ಲಿ ಸುಮ್ಮನೆ ಕೂತಿರು. ನಿನ್ನ ಕೆಲಸ ಕಾಯಂ. ಆ ಇಸ್ತ್ರಿಯವನಿಗೂ ಒಂದಿಷ್ಟು ವಾಪಸ್ ಕೊಡಿಸ್ತೀನಿ, ಯಾರಿಗೂ ಗೊತ್ತಾಗದ ಹಾಗೆ. ನೀನು ಮಾಡಬೇಕಾದ್ದು ಇಷ್ಟೇ: ಇನ್ನು ಮುಂದೆ ವರಾಂಡಕ್ಕೆ ಹೋಗಬೇಡ."

"ದರ್ಜಿಗೆ?"

"ಯಾವ ದರ್ಜಿ?"

"ಅವನ ಮಗನೂ ಆ ಸಾಲಲ್ಲಿದ್ದ. ಬಸ್ ಚಾಲಕನ ಮಗಳೂ ಇದ್ದಳು. ಮುಂದಿನ ವರ್ಷ ಸೇರೋರು ಇನ್ನೂ ಸಾಲಿಗೇ ಬಂದಿಲ್ಲ."

"ಊರಿನ ಉಸಾಬರಿ ಎಲ್ಲ ನಿನಗ್ಯಾಕೆ? ಅಜ್ಜನ ಹಾಗೆ ಮಾಡಬೇಡ. ಅವನ ಒಂದು ಮಾತಿಗೆ ಅಪ್ಪ ಚಿಕ್ಕವನಿದ್ದಾಗ ಒಂದು ವರ್ಷ ಗಂಜಿ ಕುಡಿದು ಬೆಳೆದ. ಅಮ್ಮನ ಔಷಧಿಗೆ ಏನು ಮಾಡ್ತೀಯ? ಕೋಪ ಹೊಟ್ಟೆ ತುಂಬಿಸಲ್ಲ ಕಣೆ."

ಅವನು ಹೇಳಿದ್ದರಲ್ಲಿ ಒಂದೂ ಸುಳ್ಳಿರಲಿಲ್ಲ, ಅದೇ ಅವಳ ಕೋಪವನ್ನು ಇನ್ನಷ್ಟು ಹೆಚ್ಚಿಸಿತು. ಒಲೆ ಆರಿಸಿ, ಕೈ ಒರೆಸಿಕೊಂಡು, ಅಣ್ಣನ ಹೆಗಲಿನ ಟವಲನ್ನು ಎಳೆದು ತೆಗೆದು, ನಾಲ್ಕಾಗಿ ಮಡಚಿ ಅವನ ಕೈಗೇ ಇಟ್ಟಳು.

"ಬೇಡ ಅಣ್ಣ. ನಿನ್ನ ಋಣ ದೊಡ್ಡದು, ಆದರೆ ಈ ಸಹಾಯ ಬೇಡ. ಈ ಟವಲು ನಮ್ಮ ಮನೆಗೆ ಬಂದಿದ್ದು ಸೋತವರ ಮಾನ ಮುಚ್ಚೋಕೆ. ಅದನ್ನ ನಾನೇ ಒಂದು ಸಲ ತಪ್ಪಾಗಿ ಎಳೆದೆ, ಆ ಇಸ್ತ್ರಿಯವರ ಮುಂದೆ ತಲೆ ತಗ್ಗಿಸಿದ್ದೀನಿ. ಆದರೆ ಗೆದ್ದವನ ಕೈ ಮುಚ್ಚೋಕೆ ಅದನ್ನ ಹಾಸಲ್ಲ, ನಿನ್ನನ್ನೂ ಹಾಸೋಕೆ ಬಿಡಲ್ಲ. ಆ ಕಾಗದಕ್ಕೂ ಸಹಿ ಹಾಕಲ್ಲ. ಕೆಲಸ ಹೋದರೆ ಅಮ್ಮನ ಔಷಧಿಗೆ ನಾಲ್ಕು ಮನೆ ಮಕ್ಕಳಿಗೆ ಪಾಠ ಹೇಳ್ತೀನಿ. ನಾಳೆ ಬೆಳಿಗ್ಗೆ ಮೊದಲನೇ ಕ್ಲಾಸು ನನ್ನದೇ ಇದೆ, ಅದನ್ನ ತಗೊಳ್ಳೋಕೆ ಹೋಗ್ತೀನಿ. ನಿಮ್ಮ ಅಧ್ಯಕ್ಷರಿಗೆ ಮಾತಾಡಬೇಕು ಅನ್ನಿಸಿದರೆ ಅಲ್ಲಿಗೇ ಬರಲಿ, ಎಲ್ಲರ ಮುಂದೆ ದರ ಕೂಗಲಿ. ನೀನು ಗಾಡಿ ತಿರುಗಿಸ್ಕೋ. ಕತ್ತಲಾಗೋ ಮುಂಚೆ ಮನೆ ಸೇರ್ಕೋ."